ಆರಿಸದ ಸಾಸಿವೆ

ಒಗ್ಗರಣೆ ಸೌಟಿನಲ್ಲಿ ಎಣ್ಣೆ ಕಾದಿದೆ. ಸಾಸಿವೆ ಹಾಕಬೇಕಾದ ನಾನು ಒಂದು ಚಿಟಿಕೆಯನ್ನು ಅಂಗೈ ಮೇಲೆ ಹರಡಿಕೊಂಡು, ಕಿಟಕಿ ಬೆಳಕಿಗೆ ಹಿಡಿದು ನೋಡುತ್ತಾ ನಿಂತಿದ್ದೇನೆ. ನನ್ನ ಹೆಂಡತಿ ಬಂದು ಸ್ಟವ್ ಸಣ್ಣ ಮಾಡಿ ಹೋದಳು. ರಾಜಾಜಿನಗರದ ನಮ್ಮ ಮನೆಯಲ್ಲಿ ಇದು ಈಗ ಮಾಮೂಲು. ಮೊದಲೆಲ್ಲ ನನಗೂ ಸಾಸಿವೆಗೂ ಇದ್ದ ಸಂಬಂಧ ಇಷ್ಟೇ: ಅದು ಸಿಡಿಯುತ್ತಿತ್ತು, ನಾನು ಹಿಂದಕ್ಕೆ ಹಾರುತ್ತಿದ್ದೆ. ನೀವು ನಗಬಹುದು. ಆದರೆ ನಮ್ಮ ಸೋದರತ್ತೆಯ ಅಡುಗೆಮನೆಯಲ್ಲಿ ಆವತ್ತು ಬೆಳಿಗ್ಗೆ ಇದ್ದಿದ್ದರೆ ನೀವೂ ಹೀಗೇ ಆಗುತ್ತಿದ್ದಿರಿ.

ಅತ್ತೆಯ ಮನೆ ಶ್ರೀಗಂಧದ ಕಾವಲ್‌ನಲ್ಲಿ. ಅವರ ರಾಗಿ ಹೊಲವಿದ್ದ ಕಡೆಯೆಲ್ಲ ಈಗ ಮೂರಂತಸ್ತಿನ ಮನೆಗಳು. ಹಿತ್ತಲಿನ ಒಂದು ಸೈಟು ಮಾತ್ರ ಖಾಲಿ ಉಳಿದಿತ್ತು. ಅದರಲ್ಲಿ ಅತ್ತೆ ಹಟಕ್ಕೆ ಬಿದ್ದವರಂತೆ ರಾಗಿ ಹಾಕಿ, ನಡುನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಸಾಸಿವೆ ಬಿತ್ತುತ್ತಿದ್ದರು. ಆ ಬೀಜ ಅವರ ಅತ್ತೆಯ ಕಾಲದಿಂದ ಬಂದದ್ದು. ಅಂಗಡಿಯದನ್ನು ಅವರು ಸಾಸಿವೆ ಎಂದೇ ಒಪ್ಪುವುದಿಲ್ಲ. ನೋಡೋಕೆ ದಪ್ಪ, ಅಗಿದರೆ ಸಪ್ಪೆ ಎಂದು ಮೂಗು ಮುರಿಯುತ್ತಾರೆ.

ಮಹಡಿಯಲ್ಲಿ ಬಾಡಿಗೆಗಿದ್ದ ಸ್ಮಿತಾಳದು ಎಣ್ಣೆಕಾಳುಗಳ ಹೊಸ ತಳಿ ರೂಪಿಸುವ ಕೆಲಸ. ಒಂದು ಭಾನುವಾರ ನಾನು ಅಲ್ಲಿ ಅವರೆಕಾಳು ಉಪ್ಪಿಟ್ಟು ತಿನ್ನುತ್ತಿದ್ದಾಗ ಅವಳು ಹಿತ್ತಲಿಗೆ ಕರೆದಳು. ಸಾಸಿವೆ ಸಾಲಿಗೆಲ್ಲ ರಸ ಹೀರುವ ಸಸ್ಯಹೇನು ಮುತ್ತಿ, ಗಿಡಗಳ ತುದಿ ಬೂದಿ ಎರಚಿದಂತಿತ್ತು. ನಡುವೆ ಒಂದೇ ಒಂದು ಗಿಡ ಶುಭ್ರವಾಗಿ ನಿಂತಿತ್ತು. ಗಿಡ್ಡ ಗಿಡ, ಒರಟು ಎಲೆ, ಬಡಕಲು ಕಾಯಿ. ಅದೃಷ್ಟ ಇರಬೇಕು ಎಂದೆ. ಇರಬಹುದು ಸಾರ್, ಬೀಜ ಹಾಕಿ ನೋಡಿದರೆ ತಾನೇ ಗೊತ್ತಾಗೋದು ಎಂದಳು. ಹೆಚ್ಚು ಇಳುವರಿಯ ತಳಿಗಳೆಲ್ಲ ಹತ್ತಿರದ ನೆಂಟರಂತೆ, ಸಂಬಂಧದೊಳಗೇ ಹೆಣ್ಣು ಕೊಟ್ಟು ತಂದು ಬೆಳೆದ ಮನೆತನದ ಹಾಗೆ. ಒಂದಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲುತ್ತದೆ. ಅವಕ್ಕಿಲ್ಲದ ಗುಣ ಬೇಕಾದರೆ ಇಂಥ ಹಿತ್ತಲುಗಳಲ್ಲಿ ಹುಡುಕಬೇಕಂತೆ. ನನಗೆ ಮೈ ಜುಮ್ಮೆಂದಿತು. ಆ ವಾರವೆಲ್ಲ ಕಾಫಿ ಕುಡಿಯಲು ಸಿಕ್ಕವರಿಗೆಲ್ಲ ಸಾಸಿವೆಯ ವಂಶಾವಳಿ ಒಪ್ಪಿಸಿದೆ. ಒಬ್ಬಿಬ್ಬರು ಹೋಟೆಲನ್ನೇ ಬದಲಾಯಿಸಿದರು.

ಸ್ಮಿತಾ ತಂಗಿಯ ಮದುವೆಗೆಂದು ಊರಿಗೆ ಹೋದಾಗ ಕಾಯಿ ಒಣಗಿಬಿಟ್ಟಿತು. ಸಿಡಿದು ಹೋದಾವೆಂದು ಅತ್ತೆ ಎಲ್ಲವನ್ನೂ ಒಟ್ಟಿಗೆ ಕಿತ್ತು, ಬಡಿದು, ತೂರಿಬಿಟ್ಟರು. ಸೈಟಿಗೆ ಪಾಯ ತೆಗೆಯುವುದು ಆಗಲೇ ಗೊತ್ತಾಗಿತ್ತು. ಅದೇ ಕೊನೆಯ ಬೆಳೆ. ಸ್ಮಿತಾ ಫೋನಿನಲ್ಲಿ, ಪರವಾಗಿಲ್ಲ ಅಜ್ಜಿ, ಎಲ್ಲಾ ಹಾಗೇ ಇಟ್ಟಿರಿ, ಅದರೊಳಗೇ ಎಲ್ಲೋ ಇರುತ್ತೆ ಎಂದಳು.

ಅತ್ತೆಗೆ ಕೇಳಿಸಿದ್ದು ಓದಿದವರು ಬೀಜ ಕೇಳುತ್ತಿದ್ದಾರೆ ಎಂಬುದಷ್ಟೇ. ಹೇಗಿದೆಯೋ ಹಾಗೇ ಕೊಟ್ಟರೆ ಮನೆ ಮರ್ಯಾದೆ ಏನಾಗಬೇಕು? ಕನ್ನಡಕ ಏರಿಸಿ, ಮೊರದ ಮುಂದೆ ದಿನಗಟ್ಟಲೆ ಕೂತು ಆರಿಸಿದರು. ಸ್ಮಿತಾ ಊರಿಂದ ಬಂದ ಬೆಳಿಗ್ಗೆ ನಾನೂ ಹಾಜರಿದ್ದೆ. ಅತ್ತೆ ಹೆಮ್ಮೆಯಿಂದ ಕೊಟ್ಟ ಡಬ್ಬಿಯಲ್ಲಿ ದುಂಡನೆಯ, ಕರ್ರಗಿನ, ಒಂದೇ ಸಮದ ಸಾಸಿವೆ. ಸ್ಮಿತಾಳ ಮುಖ ಇಳಿದುಹೋಯಿತು. ಆ ಬಡಕಲು ಕಾಯಿಯ ಸಣ್ಣವೆಲ್ಲ ಎಲ್ಲಿ ಎಂದು ಕೇಳಿದಳು.

"ಸಣ್ಣವು, ಕೆಂಪಗಿರೋವು, ಸೊಟ್ಟವು ಎಲ್ಲಾ ತೆಗ್ದೆ ಕಣಮ್ಮ. ನಾಲ್ಕು ಜನಕ್ಕೆ ಕೊಡೋದಲ್ವಾ?"

ತೆಗೆದದ್ದನ್ನು ಎಸೆಯುವ ಪೈಕಿಯಲ್ಲ ನಮ್ಮತ್ತೆ. ಅದು ಒಗ್ಗರಣೆ ಡಬ್ಬಿ ಸೇರಿತ್ತು. ಆ ಡಬ್ಬಿ ಅವರ ಕೈಯಲ್ಲೇ ಇತ್ತು, ಎಣ್ಣೆ ಕಾದಿತ್ತು, ಚಿಟಿಕೆ ಸೌಟಿನ ಮೇಲೆ ಬಂದಿತ್ತು. ಸ್ಮಿತಾ ಅವರ ಮಣಿಕಟ್ಟು ಹಿಡಿದುಕೊಂಡಳು.

"ಅಜ್ಜಿ, ಹಾಕ್ಬೇಡಿ. ನಂಗೆ ಬೇಕಾಗಿರೋದು ಅವೇ."

ಡಬ್ಬಿಯ ತಳದಲ್ಲಿ ಒಂದೆರಡು ಚಮಚ ಉಳಿದಿತ್ತು. ಹಿಂದಿನ ದಿನದ ಹುಳಿಯಲ್ಲಿ ನಾನೇ ಎಷ್ಟು ನುಂಗಿದ್ದೆನೋ. ಆ ದಿನ ಒಗ್ಗರಣೆಯಿಲ್ಲದ ಸಾರು ಉಂಡೆವು.

ಉಳಿದದ್ದನ್ನು ತಾರಸಿಯ ಕುಂಡಗಳಲ್ಲಿ ಬಿತ್ತಿದೆವು. ಮುಂದಿನ ಚಳಿಗಾಲದಲ್ಲಿ ಇಡೀ ಬೆಂಗಳೂರಿನಲ್ಲಿ ಗಿಡಕ್ಕೆ ಹೇನು ಬೀಳಲಿ ಎಂದು ಹಂಬಲಿಸಿದವರು ನಾವೇ ಇರಬೇಕು. ಕೊನೆಗೂ ಬಿದ್ದವು. ನಾನು ಕೆಲಸ ಬಿಟ್ಟು ಓಡಿದೆ. ಕುಂಡ ಕುಂಡವೂ ಬೂದಿಯಾಗಿತ್ತು, ಮೂಲೆಯ ಮೂರು ಗಿಡ ಬಿಟ್ಟು. ಅವೇ ಒರಟು ಎಲೆಗಳು. ಇನ್ನೂ ಎರಡು ಮೂರು ಸಲ ಬೆಳೆದು ನೋಡಬೇಕು ಸಾರ್ ಎಂದು ಸ್ಮಿತಾ ಹೇಳುತ್ತಲೇ ಇದ್ದಳು. ನನಗಂತೂ ಕುಣಿಯುವಷ್ಟು ಸಂತೋಷ. ಅತ್ತೆ ಒಂದೆಲೆಯನ್ನು ಬೆರಳಲ್ಲಿ ಸವರಿದರು.

"ನಾನು ತೆಗ್ದು ಹಾಕಿದ್ದು ಇವೇನಾ?" ಎಂದರು.

ಆ ಗಿಡಗಳ ಬೀಜ ಈಗ ಸ್ಮಿತಾಳ ಪ್ರಯೋಗದ ಹೊಲದಲ್ಲಿದೆ. ತಾರಸಿಯ ಉಳಿದ ಬೆಳೆಯನ್ನು ಅತ್ತೆ ನಿನ್ನೆ ಬಸ್ಸು ಹಿಡಿದು ನಮ್ಮ ಮನೆಗೆ ತಂದರು. ಈ ವಯಸ್ಸಿನವರೆಗೆ ಅವರು ಕೊಟ್ಟ ಕಾಳಿನಲ್ಲಿ ನಾನೊಂದು ಕಲ್ಲು ಕಂಡವನಲ್ಲ. ಗಂಟು ಬಿಚ್ಚಿದರೆ ಸಣ್ಣವು, ದೊಡ್ಡವು, ಕೆಂಪು, ಕಪ್ಪು, ಜೊತೆಗಿಷ್ಟು ಹೊಟ್ಟು. ನಾನು ಅವರ ಮುಖ ನೋಡಿದೆ.

"ಆರಿಸಿಲ್ಲ ಕಣೋ," ಎಂದರು. "ಹಂಗೇ ತಂದಿದೀನಿ."

ನನ್ನ ಅಂಗೈಯಲ್ಲಿರುವುದು ಅದೇ. ಅರ್ಧ ಅಡುಗೆಗೆ, ಅರ್ಧ ಕುಂಡಕ್ಕೆ ಎಂದುಕೊಂಡಿದ್ದೆ. ಈಗ ನೋಡಿದರೆ ಯಾವ ಕಾಳನ್ನು ಎಣ್ಣೆಗೆ ಹಾಕುವುದೋ ತೋಚುತ್ತಿಲ್ಲ. ಬಾಲ್ಕನಿಗೆ ಹೋಗಿ ಚಿಟಿಕೆಯಷ್ಟನ್ನೂ ಕುಂಡಕ್ಕೆ ಉದುರಿಸಿ ಬಂದೆ. ಇವತ್ತಿನ ಸಾರಿಗೆ ಇಂಗೊಂದೇ ಸಾಕು.