ಸುಂದರಾ ಕಾಂಬಳೆಯ ಗಾಯರಾಣ

ಸುಂದರಾ ಕಾಂಬಳೆಯ ಕೈ ಮುಂದು, ಮಾತು ಹಿಂದು ಎಂಬುದು ಸತ್ತಿ ಎಂಬ ಆ ಊರಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದಾಗ ಆಳುಗಳ ಮೇಲಿನ ಮುಕಾದಮನೊಬ್ಬ ಅವಳ ಪಕ್ಕದಲ್ಲಿದ್ದ ಹೆಂಗಸಿನ ಸೆರಗಿಗೆ ಕೈ ಹಾಕಿದ್ದ. ಸುಂದರಾ ಬೈಯಲಿಲ್ಲ, ಯಾರನ್ನೂ ಕರೆಯಲಿಲ್ಲ. ಕೈಯಲ್ಲಿದ್ದ ಜಲ್ಲೆಯನ್ನು ಬೀಸಿ ಅವನ ಬಾಯಿಯ ಮೇಲೆ ಹೊಡೆದಳು. ಅವನು ಹಲ್ಲು ಉಗುಳಿಕೊಂಡು ಹೋದವನು ಆ ಹಂಗಾಮಿಗೆ ಮತ್ತೆ ಮುಖ ತೋರಿಸಲಿಲ್ಲ. ಗಂಡ ಸಂಭಾಜಿ ಬದುಕಿದ್ದಾಗ ಕುಡಿದ ಅಮಲಿನಲ್ಲಿ ಒಂದೇ ಒಂದು ಸಲ ಅವಳ ಮೇಲೆ ಕೈಯೆತ್ತಿದ್ದ. ಆಮೇಲೆ ಏನಾಯಿತೆಂಬುದನ್ನು ಅವನೇ ನಗುತ್ತ ಚಹಾದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ.

ಸಂಭಾಜಿ ಕಾಮಾಲೆಯಾಗಿ ತೀರಿಕೊಂಡಾಗ ಮಗ ವಿಕ್ರಾಂತ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಸುಂದರಾ ಆಗ ಸೇರಿದ್ದು ಜಿನ್ನಪ್ಪನ ಹೊಲಕ್ಕೆ. ಜಿನ್ನಪ್ಪನದು ತಲೆತಲಾಂತರದಿಂದ ಆ ಊರಲ್ಲೇ ಬೇರುಬಿಟ್ಟ ಜೈನ ಒಕ್ಕಲುತನದ ಮನೆ. ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಮನೆತನ. ಅಂಗಳದಲ್ಲಿ ಇರುವೆ ಸಾಲು ಕಂಡರೆ ಸುತ್ತು ಹಾಕಿ ನಡೆಯುವ ಮನುಷ್ಯ ಅವನು. ಅವನ ಹೆಂಡತಿ ಕಮಲಾಬಾಯಿ ಮಧ್ಯಾಹ್ನದ ರೊಟ್ಟಿಯನ್ನು ಎಲ್ಲ ಆಳುಗಳಿಗೂ ಒಂದೇ ಬುಟ್ಟಿಯಿಂದ ಕೊಡುತ್ತಿದ್ದಳು. ಸುಂದರಾ ಅವಳನ್ನು ವೈನಿ, ಅಂದರೆ ಅತ್ತಿಗೆ ಎನ್ನುತ್ತಿದ್ದಳು, ಅವನನ್ನು ಅಣ್ಣಾ ಎನ್ನುತ್ತಿದ್ದಳು. ಅವರ ಒಬ್ಬನೇ ಮಗ ಜಿನೇಂದ್ರ ಮತ್ತು ವಿಕ್ರಾಂತ ಒಂದೇ ಬೇವಿನ ಮರ ಹತ್ತಿ ಬಿದ್ದು ಬೆಳೆದವರು.

ಕೃಷ್ಣೆ ಏರಿದ ಎರಡು ಸಾವಿರದ ಹತ್ತೊಂಬತ್ತರ ಮಹಾಪೂರದಲ್ಲಿ ಸುಂದರಾಳ ಮಣ್ಣಿನ ಮನೆ ಕುಸಿಯಿತು. ನೀರು ಇಳಿದ ಮೇಲೆ ನೋಡಿದರೆ ಗೋಡೆ ಇದ್ದ ಕಡೆ ಕೆಸರಿನ ಗುಡ್ಡೆ, ಅದರೊಳಗೆ ಸತ್ತ ಆಡು. ಮನೆ ಕಳೆದುಕೊಂಡ ಕೂಲಿಯವರೆಲ್ಲ ಐಗಳಿ ಕಡೆಯ ದಾರಿಯಲ್ಲಿದ್ದ ಗಾಯರಾಣಕ್ಕೆ, ಅಂದರೆ ದನ ಮೇಯಲೆಂದು ಸರ್ಕಾರ ಬಿಟ್ಟಿದ್ದ ಬಯಲಿಗೆ ಹೋಗಿ ತಗಡಿನ ಶೆಡ್ಡು ಹಾಕಿಕೊಂಡರು. ಬಂದ ಅಧಿಕಾರಿಗಳು ಇದೇ ಜಾಗದಲ್ಲಿ ನಿಮಗೆ ಹಕ್ಕುಪತ್ರ ಮಾಡಿಕೊಡುತ್ತೇವೆ ಎಂದು ಹೇಳಿ ಹೋದರು. ಆ ಮಾತಿನ ಮೇಲೆ ನಂಬಿಕೆ ಇಟ್ಟು ಸುಂದರಾ ತಗಡಿನ ಸುತ್ತ ಕಲ್ಲಿನ ಗೋಡೆ ಕಟ್ಟಿದಳು. ಒಳಗೆ ನೆಲಕ್ಕೆ ಫರಸಿ ಕಲ್ಲು ಹಾಸಿದಳು. ಗೋಡೆಯಲ್ಲಿ ಬುದ್ಧನಿಗೂ ಬಾಬಾಸಾಹೇಬರಿಗೂ ಒಂದು ಗೂಡು ಮಾಡಿದಳು. ಅಷ್ಟರಲ್ಲಿ ವಿಕ್ರಾಂತನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು.

ಆ ವರ್ಷಗಳಲ್ಲಿ ಹೊಲದ ಮೋಟಾರುಗಳಿಗೆ ಕರೆಂಟು ಪಾಳಿಯ ಮೇಲೆ ಬರುತ್ತಿತ್ತು. ಒಂದು ವಾರ ಹಗಲು, ಇನ್ನೊಂದು ವಾರ ರಾತ್ರಿ. ಕರೆಂಟು ಪುಕ್ಕಟೆ, ಆದರೆ ಅದು ಬಂದಾಗ ಎದ್ದು ಹೋಗಬೇಕು. ಹೊತ್ತು ಮುಳುಗಿದ ಮೇಲೆ ಊಟ ಮಾಡದ ಮನೆಯ ಹುಡುಗ ಜಿನೇಂದ್ರ ರಾತ್ರಿ ಪಾಳಿಯಲ್ಲಿ ಹಸಿದ ಹೊಟ್ಟೆಯಲ್ಲೇ ಕಬ್ಬಿಗೆ ನೀರು ಹಾಯಿಸುತ್ತಿದ್ದ.

ಒಂದು ಬೆಳಿಗ್ಗೆ ಕಳೆ ತೆಗೆಯಲು ಬಂದ ಸುಂದರಾ ಬಾವಿಯ ಹತ್ತಿರ ಅವನನ್ನು ಕಂಡಳು. ಕಾಲುವೆಯ ನೀರಿನಲ್ಲಿ ಮೊಣಕಾಲೂರಿ ಕೂತಂತೆ ಇದ್ದ. ಒಂದು ಕೈ ಸ್ಟಾರ್ಟರ್ ಡಬ್ಬಿಗೆ ಅಂಟಿಕೊಂಡಿತ್ತು. ಮೋಟಾರು ಇನ್ನೂ ಗುಂಯ್ ಎನ್ನುತ್ತಿತ್ತು, ನೀರು ಹರಿಯುತ್ತಲೇ ಇತ್ತು. ಅವಳು ಓಡಿಹೋಗಿ ಅವನ ಹೆಗಲು ಹಿಡಿದಳು. ಯಾರೋ ಒದ್ದಂತಾಗಿ ಬದುವಿನ ಆಚೆ ಬಿದ್ದಳು. ಎದ್ದು, ಒಣಗಿದ ಗುದ್ದಲಿ ಕಾವಿನಿಂದ ಅವನ ಕೈಯನ್ನು ಹೊಡೆದು ಹೊಡೆದು ಬಿಡಿಸಿದಳು. ಬಿಡಿಸುವಾಗ ಬೆರಳಿನ ಚರ್ಮ ಡಬ್ಬಿಯಲ್ಲೇ ಉಳಿಯಿತು. ಕಮಲಾಬಾಯಿ ಬರುವಷ್ಟರಲ್ಲಿ ಸುಂದರಾ ತನ್ನ ಸೆರಗನ್ನು ಹರಿದು ಆ ಕೈಗೆ ಸುತ್ತಿದ್ದಳು. ತಾಯಿ ಅದನ್ನು ನೋಡಬಾರದು ಎಂದು.

ಊರಿನ ರೈತರು ಹೆಣವನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಕರೆಂಟಿನ ಸ್ಟೇಷನ್ನಿಗೆ ಹೋದರು. ಗೇಟಿನ ಮುಂದೆ ಇಳಿಸಿದರು. ಮೊದಲು ಕೂಗಾಟ, ಆಮೇಲೆ ಕಲ್ಲು. ಅಲ್ಲಿ ಕೆಲಸಕ್ಕಿದ್ದ ರೂಪೇಶ ಎಂಬ ತರುಣ ಕೈ ಮುಗಿದುಕೊಂಡೇ ಹೊರಗೆ ಬಂದ. "ಪಾಳಿ ನಾ ಹಾಕೂದಲ್ರಿ, ಮ್ಯಾಲಿಂದ ಬರ್ತೈತ್ರಿ" ಎಂದ. ಸುಂದರಾ ಎಸೆದ ಕಲ್ಲು ಅವನ ಹಣೆಗೆ ಬಿತ್ತು. ಬಿದ್ದವನ ಮೇಲೆ ಉಳಿದವರು ಮುಗಿಬಿದ್ದರು. ಅವನ ತೋಳು ಮುರಿದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು. ಜೀಪಿಗೆ ಬೆಂಕಿ ಹಚ್ಚಿದರು. ಜಿನ್ನಪ್ಪ ಮಾತ್ರ ಮಗನ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದ. ತಲೆ ಎತ್ತಿ ಯಾರನ್ನೂ ನೋಡಲಿಲ್ಲ, ಯಾರನ್ನೂ ತಡೆಯಲೂ ಇಲ್ಲ.

ಆ ಗಲಾಟೆ ಪೇಪರಿನಲ್ಲಿ ಬಂತು. ಸ್ವಲ್ಪ ಕಾಲದಲ್ಲೇ ಸರ್ಕಾರದ ಹೊಸ ಯೋಜನೆ ಊರಿಗೆ ಕಾಲಿಟ್ಟಿತು. ಸ್ಟೇಷನ್ನಿನ ಹತ್ತಿರವೇ ಸೋಲಾರ್ ಘಟಕ ಹಾಕಿ ಹೊಲಗಳಿಗೆ ಹಗಲು ಹೊತ್ತಿನಲ್ಲೇ ಕರೆಂಟು ಕೊಡುವುದು. ಅದಕ್ಕೆ ಸರ್ಕಾರಿ ಜಮೀನು ಬೇಕು. ಸ್ಟೇಷನ್ನಿಗೆ ಹೊಂದಿಕೊಂಡು ಇದ್ದ ಸರ್ಕಾರಿ ಜಮೀನು ಒಂದೇ, ಆ ಗಾಯರಾಣ.

ಪಂಚಾಯಿತಿ ಮೆಂಬರ್ ಬಾಳಾಸಾಬ ಗ್ರಾಮಸಭೆಯಲ್ಲಿ ಇದನ್ನು ಹೇಳಿದಾಗ ರೈತರು ಚಪ್ಪಾಳೆ ತಟ್ಟಿದರು. ಶೆಡ್ಡಿನವರು ಎದ್ದು ನಿಂತರು. ಬಾಳಾಸಾಬ ಕೈ ಮೇಲೆತ್ತಿ, "ನಿಮಗೂ ಜಾಗಾ ಕೊಡ್ತಾರ. ಬ್ಯಾರೆ ಕಡೆ ನೋಡಾಕತ್ತಾರ. ಈಗ ಗದ್ದಲ ಮಾಡಬ್ಯಾಡ್ರಿ" ಎಂದ. ಎಲ್ಲಿ ಎಂದು ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

ಸುಂದರಾ ಮರುದಿನ ಹೊಲದಲ್ಲಿ ಜಿನ್ನಪ್ಪನ ಎದುರು ಹೋಗಿ ನಿಂತಳು. ಮಗ ಹೋದ ಮೇಲೆ ಅವನು ಅರ್ಧ ಮಾತಿನ ಮನುಷ್ಯನಾಗಿದ್ದ.

"ಅಣ್ಣಾ, ನೀವು ಒಂದ್ ಮಾತ್ ಹೇಳಿದ್ರ ಊರ ಕೇಳತೈತಿ. ಆ ಘಟಕಾ ಬ್ಯಾರೆ ಕಡೆ ಹಾಕಂತ ಹೇಳ್ರಿ."

"ಬ್ಯಾರೆ ಕಡೆ ಅಂದ್ರ ಇನ್ನಾ ಎಷ್ಟೋ ವರ್ಷ, ಸುಂದ್ರಾ. ಅಷ್ಟರಾಗ ಇನ್ನೊಬ್ಬರ ಮಗಾ ಹೋಗ್ತಾನ."

"ನನ್ನ ಮಗಾನೂ ಅಲ್ಲೇ ಮಲಗತಾನ್ರಿ. ಹೊಳಿ ನುಂಗಿ ಬಿಟ್ಟ ಮ್ಯಾಲ ಅಲ್ಲಿ ಕುಂತೇವ್ರಿ ನಾವು. ಮತ್ತ ಎಲ್ಲಿಗಿ ಹೋಗ್ಲಿ ನಾ?"

ಜಿನ್ನಪ್ಪ ಕಬ್ಬಿನ ಒಣಗಿದ ಎಲೆಯ ರವದಿಯನ್ನು ಕಾಲಿನಿಂದ ಸರಿಸುತ್ತ ನಿಂತ. ಆಮೇಲೆ, "ನಿಂದು ಮನಿ. ನಂದು ಜೀವಾ ಹೋಗೇತಿ" ಎಂದ.

"ಆ ಜೀವಾ ಡಬ್ಬಿಯಿಂದ ಬಿಡಿಸಿದಾಕಿ ನಾನ್ರಿ ಅಣ್ಣಾ" ಎಂದಳು ಸುಂದರಾ.

ಅವನ ಮುಖ ಸಿಡಿಲು ಬಡಿದ ಮರದಂತಾಯಿತು. "ಹೋಗು. ನಾಳಿಂದ ಕೆಲಸಕ್ಕ ಬರಬ್ಯಾಡ" ಎಂದ. ಅವಳು ಹೊರಟಳು. ಆ ಮಾತನ್ನು ಆಡಬಾರದಿತ್ತು ಎಂದು ದಾರಿಯುದ್ದಕ್ಕೂ ಅನ್ನಿಸಿತು. ಆದರೆ ತಿರುಗಿ ಹೋಗಲಿಲ್ಲ.

ಜೇಸಿಬಿ ಬಂದದ್ದು ಕಬ್ಬಿನ ಹಂಗಾಮು ಮುಗಿಯುವ ಹೊತ್ತಿಗೆ, ಬಿಸಿಲು ಏರುತ್ತಿದ್ದಾಗ. ಮುಂದೆ ಪೊಲೀಸ್ ಜೀಪು, ಅದರ ಹಿಂದೆ ಜೇಸಿಬಿ, ಅದರ ಹಿಂದೆ ಟ್ರ್ಯಾಕ್ಟರಿನ ಮೇಲೆ ರೈತರು. ಕೆಲವರ ಕೈಯಲ್ಲಿ ಬಡಿಗೆ ಇತ್ತು. ಕೆಲಸ ತಡೆಯಲು ಬಂದವರನ್ನು ಹಿಂದೆ ಸರಿಸಲಿಕ್ಕೆ ಎಂದು ಬಾಳಾಸಾಬ ಹೇಳುತ್ತಿದ್ದ. ಜಿನ್ನಪ್ಪನೂ ಇದ್ದ. ಅವನ ಕೈಯಲ್ಲೂ ಬಡಿಗೆ. ಇರುವೆ ಕಂಡರೆ ಸುತ್ತು ಹಾಕುತ್ತಿದ್ದವನ ಕೈಯಲ್ಲಿ ಅದನ್ನು ಕಂಡು ಸುಂದರಾಗೆ ಮೊದಲು ಅದು ಅವನಲ್ಲವೆಂದೇ ಅನ್ನಿಸಿತು.

ಮೊದಲ ಶೆಡ್ಡು ಕಾಗದದ ಹಾಗೆ ಮಡಚಿಕೊಂಡಿತು. ಎರಡನೆಯದರಲ್ಲಿ ಇನ್ನೂ ಮುದುಕಿಯೊಬ್ಬಳು ಕೂತಿದ್ದಳು. ಅವಳನ್ನು ಹಾಸಿಗೆ ಸಮೇತ ಎಳೆದು ಹಾಕಿದರು. ಒಲೆ, ಕೊಡ, ಅಕ್ಕಿ ಡಬ್ಬಿ ಎಲ್ಲ ತಗಡಿನ ಕೆಳಗೆ ನುಜ್ಜಾದವು. ಜೇಸಿಬಿಯ ಹಲ್ಲು ಸುಂದರಾಳ ಕಲ್ಲಿನ ಗೋಡೆಗೆ ತಾಗಿದಾಗ ಅದು ಒಳಮುಖವಾಗಿ ಬಿತ್ತು. ಗೂಡಿನಲ್ಲಿದ್ದ ಬುದ್ಧನ ಫೋಟೋದ ಗಾಜು ಫರಸಿಯ ಮೇಲೆ ಚೂರಾಗಿ ಸಿಡಿಯಿತು.

ವಿಕ್ರಾಂತ ಕಲ್ಲೆತ್ತಿದ. ಅದು ಜೇಸಿಬಿ ನಡೆಸುವವನ ಕಿವಿಯ ಪಕ್ಕ ಬಡಿದು ರಕ್ತ ಚಿಮ್ಮಿತು. ಅಷ್ಟೇ ಸಾಕಾಯಿತು. ಟ್ರ್ಯಾಕ್ಟರಿನಿಂದ ಜನ ಧುಮುಕಿದರು. ಯಾರು ಯಾರನ್ನು ಹೊಡೆಯುತ್ತಿದ್ದಾರೆಂದು ತಿಳಿಯಲಿಲ್ಲ. ಬಡಿಗೆ ಬಡಿಗೆಗೆ ತಾಗುವ ಸದ್ದು, ಮೂಳೆಗೆ ತಾಗುವ ಸದ್ದು, ಧೂಳು. ಕೂಲಿಯವರೂ ಸುಮ್ಮನಿರಲಿಲ್ಲ. ತಗಡಿನ ಚೂರು, ಒಲೆಯ ಕಲ್ಲು, ಸಿಕ್ಕಿದ್ದು ಎಸೆದರು. ಒಬ್ಬ ರೈತನ ಕೆನ್ನೆ ತಗಡಿಗೆ ಸೀಳಿ ಹಲ್ಲು ಕಾಣುತ್ತಿತ್ತು. ಪೊಲೀಸರು ಕೈಬೆರಳೆಣಿಕೆಯಷ್ಟು ಜನ. ಅವರ ಲಾಠಿ ಆ ಧೂಳಿನಲ್ಲಿ ಎಲ್ಲರ ಮೇಲೂ ಬೀಳುತ್ತಿತ್ತು.

ವಿಕ್ರಾಂತ ಜಿನ್ನಪ್ಪನ ಎದುರಿಗೇ ಬಂದುಬಿಟ್ಟ. ಕೈಯಲ್ಲಿ ಇನ್ನೊಂದು ಕಲ್ಲಿತ್ತು. "ಸರೀರಿ ಕಾಕಾ" ಎಂದನಂತೆ. ಜಿನ್ನಪ್ಪ ಸರಿಯಲಿಲ್ಲ. ಎರಡೂ ಕೈಯಿಂದ ಬಡಿಗೆ ಎತ್ತಿ ಅವನ ತಲೆಯ ಮೇಲೆ ಇಳಿಸಿದ. ಹುಡುಗ ಕುಸಿದ ರೀತಿ ನೋಡಿ ಸುಂದರಾಗೆ ಅವನು ಸತ್ತನೆಂದೇ ಅನಿಸಿತು. ಬಿದ್ದ ಗೋಡೆಯ ಪಕ್ಕದಲ್ಲಿ ಅವಳ ಕಬ್ಬು ಕಡಿಯುವ ಕೊಯ್ತಾ ಬಿದ್ದಿತ್ತು. ಅದನ್ನು ಎತ್ತಿಕೊಂಡದ್ದು ಅವಳಿಗೆ ನೆನಪಿಲ್ಲ. ಜಿನ್ನಪ್ಪನ ಬಡಿಗೆ ಮತ್ತೆ ಮೇಲೆದ್ದಿತ್ತು. ಹೊಡೆಯಲಿಕ್ಕೋ, ಬರೀ ಎತ್ತಿ ಹಿಡಿದಿದ್ದನೋ, ಯಾರು ಬಲ್ಲರು. ಕಬ್ಬು ಕಡಿಯುವ ಹಾಗೆ, ಬಲವೆಲ್ಲ ಹಾಕಿ ಅವಳು ಬೀಸಿದಳು. ಅವನ ಬಲಗೈ ಮೊಣಕೈ ಕೆಳಗೆ ತುಂಡಾಗಿ ಚರ್ಮದಲ್ಲಿ ಜೋತುಬಿತ್ತು.

ಜಿನ್ನಪ್ಪ ತನ್ನ ಕೈಯನ್ನು ತಾನೇ ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನೆಲಕ್ಕೆ ಕೂತ. ರಕ್ತ ಅವನ ಬಿಳಿ ಧೋತರದ ಮೇಲೆ ಕಾಲುವೆ ಒಡೆದಂತೆ ಹರಿಯಿತು. ಅಷ್ಟರಲ್ಲಿ ಉಳಿದವರು ಸುಂದರಾಳನ್ನು ಸುತ್ತುವರಿದರು. ಮೊದಲ ಏಟು ಬೆನ್ನಿಗೆ, ಆಮೇಲಿನವು ಎಲ್ಲಿ ಬಿದ್ದವೋ. ಪಕ್ಕೆಲುಬು ಮುರಿದವು, ಬಾಯಿಯಲ್ಲಿ ಮಣ್ಣು ತುಂಬಿತು. ಮಗನ ಮೇಲೆ ಬೋರಲಾಗಿ ಬಿದ್ದುಕೊಂಡಿದ್ದರಿಂದ ಅವನಿಗೆ ಮತ್ತೆ ಏಟು ಬೀಳಲಿಲ್ಲ. ಪೊಲೀಸರು ಹೊಡೆಯುವವರನ್ನು ಎಳೆದು ಬಿಡಿಸಿದಾಗ ಅವಳಿಗೆ ಕಂಡದ್ದು ಒಂದೇ, ದೂರದಲ್ಲಿ ಜೇಸಿಬಿ ಖಾಲಿಯಾಗಿ ನಿಂತು ಇನ್ನೂ ಗುಡುಗುತ್ತಿತ್ತು.

ಮೂವರನ್ನೂ ಒಂದೇ ಗಾಡಿಯಲ್ಲಿ ಅಥಣಿಯ ಆಸ್ಪತ್ರೆಗೆ, ಅಲ್ಲಿಂದ ಮಿರಜಿಗೆ ಒಯ್ದರು. ಜಿನ್ನಪ್ಪನ ಕೈ ಉಳಿಯಲಿಲ್ಲ. ವಿಕ್ರಾಂತ ಉಳಿದ, ಆದರೆ ಎಡಗಿವಿ ಕೇಳದಾಯಿತು, ಮಾತು ತೊದಲಿತು. ಕಾರ್ಖಾನೆಯವರು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಸುಂದರಾ ಪಕ್ಕೆಗೆ ಪಟ್ಟಿ ಕಟ್ಟಿಕೊಂಡೇ ಜೈಲಿಗೆ ಹೋದಳು.

ಇಬ್ಬರ ಮೇಲೂ ಇದ್ದ ಕೇಸು ಕೋರ್ಟಿಗೆ ಬಂದಾಗ ಜಿನ್ನಪ್ಪ ಕಟಕಟೆಯಲ್ಲಿ ನಿಂತ. ಅಂಗಿಯ ಬಲತೋಳನ್ನು ಕಮಲಾಬಾಯಿ ಮಡಿಸಿ ಹೊಲಿದಿದ್ದಳು. ಯಾರು ಹೊಡೆದರು ಎಂದು ಕೇಳಿದಾಗ ಅವನು ಸುಂದರಾಳ ಕಡೆ ನೋಡಿದ.

"ಇಕೀನ ಹೊಡದಾಳ್ರಿ. ಅದಕೂ ಮೊದಲ ನಾ ಇಕಿ ಮಗನ ತಲಿ ಒಡದೇನ್ರಿ. ಅದನ್ನೂ ಬರಕೋರಿ."

ಅವನ ವಕೀಲ ಅವನನ್ನು ತಡೆಯಲು ಎದ್ದ. "ಇರ್ರಿ, ಹೇಳ್ತೇನಿ" ಎಂದು ಜಿನ್ನಪ್ಪ ಮತ್ತೆ ಅದನ್ನೇ ಹೇಳಿದ. ಸುಂದರಾಳ ಸರದಿ ಬಂದಾಗ ಅವಳ ವಕೀಲರು ಕಲಿಸಿಕೊಟ್ಟ ಮಾತು ಬೇರೆ ಇತ್ತು. ನೂಕಾಟದಲ್ಲಿ ಕೊಯ್ತಾ ತಾಗಿತು ಎನ್ನಬೇಕಿತ್ತು. ಅವಳು, "ತಾಗಿದ್ದಲ್ರಿ, ಹೊಡದೇನ್ರಿ. ಮಗಾ ಸತ್ತ ಅಂತ ತಿಳಕೊಂಡಿದ್ನ್ರಿ" ಎಂದುಬಿಟ್ಟಳು. ಇಬ್ಬರಿಗೂ ಶಿಕ್ಷೆಯಾಯಿತು, ಅವಳಿಗೆ ಹೆಚ್ಚು, ಅವನಿಗೆ ಕಡಿಮೆ. ಇಬ್ಬರೂ ಮೇಲಿನ ಕೋರ್ಟಿಗೆ ಹೋಗಿ ಜಾಮೀನಿನ ಮೇಲೆ ಊರಿಗೆ ಬಂದರು. ಅಂದು ಬಡಿಗೆ ಬೀಸಿದ ಉಳಿದವರ ಹೆಸರು ಯಾರ ಬಾಯಿಂದಲೂ ಬರಲಿಲ್ಲ. ಬಾಳಾಸಾಬ ಮುಂದಿನ ಚುನಾವಣೆಯಲ್ಲಿ ಮತ್ತೆ ಗೆದ್ದ.

ಗಾಯರಾಣದ ತುಂಬ ಈಗ ನೀಲಿ ಹಲಗೆಗಳು, ಸುತ್ತ ಮುಳ್ಳುತಂತಿ. ಕರೆಂಟು ಬೆಳಿಗ್ಗೆ ಬರುತ್ತದೆ, ಬಿಸಿಲು ಇಳಿಯುವ ಹೊತ್ತಿಗೆ ಹೋಗುತ್ತದೆ. ರಾತ್ರಿ ಹೊಲಕ್ಕೆ ಹೋಗುವವರಿಲ್ಲ. ಶೆಡ್ಡಿನವರಿಗೆ ಕೊನೆಗೆ ಹಕ್ಕುಪತ್ರ ಸಿಕ್ಕಿತು. ಊರಿಂದ ಬಹುದೂರ, ಗುಂಡುಕಲ್ಲಿನ ಒಂದು ದಿಬ್ಬದ ಮೇಲೆ. ಅಲ್ಲಿ ನೀರಿನ ಟ್ಯಾಂಕರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಬ್ಬಿನ ಗ್ಯಾಂಗಿನವರು ಸುಂದರಾಳನ್ನು ಸೇರಿಸಿಕೊಳ್ಳಲಿಲ್ಲ. ಅವಳ ಕೈಗೆ ಕೊಯ್ತಾ ಕೊಡಲು ಮುಕಾದಮರಿಗೆ ಧೈರ್ಯವಿರಲಿಲ್ಲ. ಅವಳೂ ವಿಕ್ರಾಂತನೂ ದಿಬ್ಬದ ಮೇಲೆ ತಮ್ಮ ಮನೆಯ ಪಾಯವನ್ನು ತಾವೇ ಅಗೆಯತೊಡಗಿದರು. ಅವನು ಹಾರೆ ಹಾಕುತ್ತಿದ್ದ, ಅವಳು ಕಲ್ಲು ಎತ್ತುತ್ತಿದ್ದಳು.

ಜಿನ್ನಪ್ಪ ಒಂದು ದಿನ ಆ ದಾರಿಯಲ್ಲಿ ಬಂದ. ಮಗಳ ಗಂಡನ ಮೋಟಾರ್ ಸೈಕಲ್ಲಿನ ಹಿಂದೆ ಕೂತಿದ್ದವನು ಗಾಡಿ ನಿಲ್ಲಿಸಲು ಹೇಳಿ ಇಳಿದ. ಪಾಯದ ಅಂಚಿಗೆ ಬಂದು ನಿಂತ. ವಿಕ್ರಾಂತ ಹಾರೆಯನ್ನು ಬಿಗಿಯಾಗಿ ಹಿಡಿದ. ಸುಂದರಾ ಅವನಿಗೆ ಕಣ್ಸನ್ನೆಯಲ್ಲೇ ಸುಮ್ಮನಿರಲು ಹೇಳಿದಳು.

"ನಿನ್ನ ಮ್ಯಾಲ ಇನ್ನಾ ಸಿಟ್ಟೈತಿ ನನಗ" ಎಂದ ಜಿನ್ನಪ್ಪ.

"ನನಗೂ ಐತ್ರಿ."

"ಗೊತ್ತೈತಿ." ಅವನು ಕಲ್ಲುಗಳನ್ನು ನೋಡಿದ. "ಇಲ್ಲಿ ನೀರಿಂದು ಏನ್ ಮಾಡ್ತಿ?"

"ಹೊತ್ತು ತರತೇನ್ರಿ."

ಅವನು ವಿಕ್ರಾಂತನ ತಲೆಯ ಮೇಲಿನ, ಕೂದಲು ಬೆಳೆಯದ ಗೆರೆಯನ್ನು ಒಂದು ಸಲ ನೋಡಿ ತಿರುಗಿದ. ಒಂದು ಕೈಯಲ್ಲಿ ಅಳಿಯನ ಹೆಗಲು ಹಿಡಿದು ಗಾಡಿ ಹತ್ತಲು ಅವನಿಗೆ ಕಷ್ಟವಾಯಿತು. ಸುಂದರಾ ಅದನ್ನು ನೋಡಿದಳು. ಎದ್ದು ಹೋಗಿ ಹಿಡಿಯಲಿಲ್ಲ. ಗಾಡಿ ದಿಬ್ಬ ಇಳಿದ ಮೇಲೆ ಮಗನಿಗೆ, "ಆ ಮೂಲಿ ಕಲ್ಲು ಹಿಡಿ, ಒಬ್ಬಾಕಿಗೆ ಏಳೂದಿಲ್ಲ" ಎಂದಳು.