ಹಿತ್ತಲಿಗೆ ಉಗುಳಿದ ಬ್ರಾಂದಿ

ಬಳ್ಳಾರಿಯ ಪ್ರಯೋಗಾಲಯದಲ್ಲಿ ನಾನು ಕೋಳಿಮೊಟ್ಟೆಗಳೊಳಗೆ ಒಂದೊಂದು ಹನಿ ಆಲ್ಕೋಹಾಲ್ ಬಿಟ್ಟು, ಅವುಗಳೊಳಗಿನ ಮರಿಯ ಮಿದುಳು ಹೇಗೆ ಬೆಳೆಯುತ್ತದೆಂದು ನೋಡುತ್ತೇನೆ. ಬಸುರಿ ಕುಡಿದರೆ ಹೊಟ್ಟೆಯಲ್ಲಿರುವ ಕೂಸಿನ ಮಿದುಳಿಗೆ ಏನಾಗುತ್ತದೆ ಎನ್ನುವುದೇ ನನ್ನ ಸಂಶೋಧನೆ. ಕುರುಗೋಡಿನಲ್ಲಿರುವ ನನ್ನವ್ವ ನೆಂಟರಿಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾಳೆ: ನನ್ನ ಮಗಳು ಮೊಟ್ಟೆಗೆ ಸೆರೆ ಕುಡಿಸುತ್ತಾಳೆ. ಇಷ್ಟು ಓದಿಸಿದ್ದು ಇದಕ್ಕೇನಾ ಎಂಬ ಬೇಸರವೂ ಅದರಲ್ಲಿ ಇರುತ್ತದೆ.

ಮೊಟ್ಟೆಗಳನ್ನು ಮಾತಾಡಿಸುವ ತಾಪತ್ರಯವಿಲ್ಲ. ನಾನು ಬೇಸ್ತು ಬಿದ್ದದ್ದು ತಾಯಂದಿರನ್ನು ಕೇಳಲು ಸಿರುಗುಪ್ಪ ಕಡೆಯ ಹಳ್ಳಿಗಳಿಗೆ ಹೋದಾಗ. ಬಸುರಿಯಿದ್ದಾಗ ಕುಡಿದಿದ್ದೀರಾ ಎಂದರೆ ಎಲ್ಲರೂ ಇಲ್ಲ ಎನ್ನುತ್ತಿದ್ದರು. ಕೆಲವರು ಮುಖ ಗಂಟಿಕ್ಕಿ ಒಳಗೆ ಹೋಗುತ್ತಿದ್ದರು. ಅವರು ಸುಳ್ಳೇನೂ ಹೇಳುತ್ತಿರಲಿಲ್ಲ. ದಿನವಿಡೀ ನಾಟಿಯ ಕೆಸರಿನಲ್ಲಿ ನಿಂತು ಬಂದ ಸೊಸೆಗೆ ಅತ್ತೆ ಮೆಣಸಿನಪುಡಿ ಬೆರೆಸಿ ಕೊಡುವ ಬ್ರಾಂದಿ ಅವರ ಪಾಲಿಗೆ ಔಷಧಿ. ಅದನ್ನು ಕುಡಿತ ಎಂದು ಯಾರು ಕರೆದಾರು? ಕೊನೆಗೆ ನನ್ನ ಪ್ರಶ್ನೆಯನ್ನೇ ಬದಲಿಸಿ, ಥಂಡಿಗೆ ಏನು ತಗೊಂಡಿರಿ ಎಂದು ಕೇಳತೊಡಗಿದೆ. ಆಮೇಲೆ ಉತ್ತರಗಳು ತಾವಾಗಿಯೇ ಬಂದವು.

ದೇಶನೂರಿನ ಒಂದು ಮನೆಯಲ್ಲಿ ಸೊಸೆ ಎರಡನೆಯ ಸಲ ಬಸುರಿಯಾಗಿದ್ದಳು. ಮೊದಲ ಮಗಳು ಶಾಲೆಗೆ ಹೋಗುತ್ತಿದ್ದಳು, ಆದರೆ ಬೆಳಿಗ್ಗೆ ಕಲಿತದ್ದು ಸಂಜೆಗೆ ನೆನಪಿರುತ್ತಿರಲಿಲ್ಲ. ಬ್ರಾಂದಿ ಕೊಡುವುದನ್ನು ಅತ್ತೆ ಮುಚ್ಚುಮರೆಯಿಲ್ಲದೆ ಹೇಳಿದಳು. ಇನ್ನು ಮೇಲೆ ಒಂದು ಹನಿಯೂ ಬೇಡ ಎಂದೆ. ಆಕೆ ಸಿಟ್ಟಾಗಲಿಲ್ಲ, ನನಗೆ ಮಜ್ಜಿಗೆ ಕೊಟ್ಟು ಎದುರಿಗೆ ಕೂತಳು.

“ನಿಮ್ಮವ್ವ ಕುಡಿದಿರಲಿಲ್ಲೇನ್ರಿ? ನೀವು ಇಷ್ಟು ಓದೀರಲ್ಲ.”

ನಾನು ಅವ್ವನನ್ನು ಎಂದೂ ಕೇಳಿರಲಿಲ್ಲ. ಸೋಲುವುದೆಂದರೆ ನನಗಾಗದು. ಅಲ್ಲೇ ಕುರುಗೋಡಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

“ನಿಮ್ಮಜ್ಜಿ ಕೊಡ್ತಿದ್ಲವ್ವಾ,” ಎಂದಳು ಅವ್ವ. “ಆ ವಾಸನಿಗೇ ನನಗ ವಾಂತಿ ಬರ್ತಿತ್ತು. ಬಾಯಾಗ ಹಿಡಕೊಂಡು ಹಿತ್ತಲಕ್ಕ ಹೋಗಿ ಉಗುಳ್ತಿದ್ದೆ.”

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ, ಗೆದ್ದ ಖುಷಿ ಬೇರೆ. ಸೊಸೆ ಮಾತ್ರ ನಗಲಿಲ್ಲ.

“ಈ ಸಲ ನಾನೂ ಉಗುಳಾಕತ್ತೀನಿ ಅತ್ತಿ,” ಎಂದಳು, ಮೆಲ್ಲಗೆ. “ಮೊದಲಿನಾಕಿ ಹೊಟ್ಟ್ಯಾಗಿದ್ದಾಗ ಎಲ್ಲಾ ಕುಡಿದೀನಿ.”

ಈ ಸಲ ಆಸ್ಪತ್ರೆಯಲ್ಲಿ ನರ್ಸ್ ಬ್ರಾಂದಿ ಬೇಡವೆಂದಿದ್ದರಂತೆ. ಪ್ರೀತಿಯಿಂದ ಕೊಡುವ ಅತ್ತೆಗೆ ನೋವಾದೀತೆಂದು ಸೊಸೆ ಬಾಯಿಬಿಟ್ಟಿರಲಿಲ್ಲ.

ಅತ್ತೆಯ ನಗು ನಿಂತಿತು. ಅಂಗಳದಲ್ಲಿ ಆಡುತ್ತಿದ್ದ ಮೊಮ್ಮಗಳನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡು ನನ್ನ ಕಡೆ ತಿರುಗಿದಳು.

“ಹಂಗಾದ್ರ ಇಕಿ ಹಿಂಗಾಗಿದ್ದು ನನ್ನ ಕೈಯಿಂದೇನ್ರಿ?”

ಹೌದೆಂದರೂ ಅಲ್ಲವೆಂದರೂ ಸುಳ್ಳಾಗುತ್ತಿತ್ತು. ಮಗು ಮರೆಯುವುದಕ್ಕೆ ನೂರು ಕಾರಣಗಳಿರುತ್ತವೆ. ಪ್ರಯೋಗಾಲಯದಲ್ಲಾದರೆ ಹನಿ ಹಾಕದ ಇನ್ನೊಂದು ಮೊಟ್ಟೆಯನ್ನು ಪಕ್ಕದಲ್ಲಿಟ್ಟು ಎರಡನ್ನೂ ಹೋಲಿಸಿ ನೋಡುತ್ತೇನೆ. ಬ್ರಾಂದಿ ಸೋಕದೆ ಬೆಳೆದ ಇದೇ ಹುಡುಗಿಯನ್ನು ನಾನು ಎಲ್ಲಿಂದ ತರಲಿ?

ಗೊತ್ತಿಲ್ಲಮ್ಮ ಎಂದೆ.

ಆಕೆ ಮೊಮ್ಮಗಳ ಜಡೆ ಬಿಚ್ಚಿ, ಮೊದಲಿಂದ ಹೆಣೆಯತೊಡಗಿದಳು.