‘ಖಲಾಸ್’ ಅಂದದ್ದು ಯಾವುದಕ್ಕೆ

ತರಬೇತಿಯ ಮೊದಲ ದಿನವೇ ನನ್ನನ್ನು ಆರೋಪಿಯ ಕುರ್ಚಿಯಲ್ಲಿ ಕೂರಿಸಿದರು.

ದೋಹಾದ ಒಂದು ಹೋಟೆಲಿನ ಮೀಟಿಂಗ್ ಹಾಲ್. ಮರಣದಂಡನೆಯಾಗಬಹುದಾದ ಕೇಸುಗಳನ್ನು ನಡೆಸುವ ವಕೀಲರಿಗೆಂದು ಏರ್ಪಡಿಸಿದ್ದ ಮೂರು ದಿನಗಳ ತರಬೇತಿ ಅದು. ನಾನು ಮೈಸೂರಿನಲ್ಲಿ ಏಳು ವರ್ಷ ವಕೀಲಿಕೆ ಮಾಡಿ, ಗಂಡನಿಗೆ ಇಲ್ಲಿ ಕೆಲಸ ಸಿಕ್ಕಿದ ಮೇಲೆ ಕತಾರಿಗೆ ಬಂದವಳು. ಇಲ್ಲಿನ ಕೋರ್ಟಿನಲ್ಲಿ ವಾದಿಸುವ ಹಕ್ಕು ನನಗಿಲ್ಲ. ಒಬ್ಬ ಕತಾರಿ ವಕೀಲೆಯ ಆಫೀಸಿನಲ್ಲಿ ಫೈಲು ಓದಿ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಆಕೆಯನ್ನು ನಾವೆಲ್ಲ ‘ಉಸ್ತಾದಾ’ ಎಂದು ಕರೆಯುತ್ತಿದ್ದೆವು; ವಕೀಲೆಯರಿಗೆ ಇಲ್ಲಿ ಕೊಡುವ ಗೌರವ ಅದು. ನನ್ನದೇ ವಯಸ್ಸು, ನನಗಿಂತ ಎರಡು ಪಟ್ಟು ಸಿಟ್ಟು. ತರಬೇತಿಗೆ ಇಬ್ಬರೂ ಒಟ್ಟಿಗೆ ಹೋಗಿದ್ದೆವು.

ಹೇಳಿಕೊಡಲು ಬಂದವರು ಪೂರ್ವ ಆಫ್ರಿಕಾದ ವಕೀಲೆ, ಅರವತ್ತು ದಾಟಿದವರು. ಜೀವನವಿಡೀ ಇಂಥ ಕೇಸುಗಳನ್ನೇ ನಡೆಸಿದವರು. “ನೀವು ಆರೋಪಿ. ನಿಮ್ಮ ಮಾತೃಭಾಷೆ ಬಿಟ್ಟು ಬೇರೆ ಮಾತಾಡಬಾರದು” ಎಂದು ನನಗೆ ಹೇಳಿ, ಉಳಿದ ವಕೀಲರಿಗೆ ಪ್ರಶ್ನೆ ಕೇಳಲು ಬಿಟ್ಟರು. ಚಾಕು ಎಲ್ಲಿತ್ತು? ಮೊದಲು ಹೊಡೆದವರು ಯಾರು? ಸುಳ್ಳು ಯಾಕೆ ಹೇಳುತ್ತೀಯ? ಆಟವೆಂದು ಗೊತ್ತಿದ್ದರೂ ಗಾಬರಿಯಾಗಿ “ಗೊತ್ತಿಲ್ಲ, ನನಗೇನೂ ಗೊತ್ತಿಲ್ಲ” ಎಂದು ಕನ್ನಡದಲ್ಲಿ ಹೇಳುತ್ತಲೇ ಹೋದೆ. ಆಕೆ ಕೈಯೆತ್ತಿ ನಿಲ್ಲಿಸಿದರು.

“ಇವರು ಏನು ಹೇಳಿದರೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಾಯಿತೇ?”

ಇಲ್ಲವೆಂದು ಒಂದೊಂದೇ ತಲೆ ಅಲ್ಲಾಡಿತು.

“ಹಾಗಾದರೆ ನೀವು ಯಾರ ಪರವಾಗಿ ನಿಂತಿದ್ದೀರಿ?”

ಊಟದ ಬಿಡುವಿನಲ್ಲಿ ಉಸ್ತಾದಾ ತಟ್ಟೆಗೆ ಕೈ ಹಾಕಲಿಲ್ಲ. ನಮ್ಮ ಆಫೀಸಿಗೆ ಅಂಥದೇ ಒಂದು ಕೇಸು ಆಗಷ್ಟೇ ಬಂದಿತ್ತು. ಮುಐದರ್ ಬಡಾವಣೆಯ ಒಂದು ವಿಲ್ಲಾದಲ್ಲಿ ಹನ್ನೆರಡು ಜನ ಕಟ್ಟಡ ಕಾರ್ಮಿಕರು ಕೂಡಿ ವಾಸವಾಗಿದ್ದರು. ಅಡುಗೆ ಸರದಿಯ ಜಗಳದಲ್ಲಿ ಒಬ್ಬ ಕಬ್ಬಿಣದ ಕಾವಲಿಯಿಂದ ಇನ್ನೊಬ್ಬನ ತಲೆಗೆ ಹೊಡೆದ. ಪೆಟ್ಟು ತಿಂದ ಬಿಹಾರದ ಹುಡುಗ ಆಸ್ಪತ್ರೆಯಲ್ಲಿ ತೀರಿಕೊಂಡ. ಕೆಳಗಿನ ಕೋರ್ಟು ಮರಣದಂಡನೆ ವಿಧಿಸಿತ್ತು. ಕಾರಣ, ಆರೋಪಿಯ ಹೇಳಿಕೆಯಲ್ಲಿದ್ದ ಒಂದೇ ಒಂದು ವಾಕ್ಯ: ‘ಇವತ್ತು ಅವನನ್ನು ಮುಗಿಸುತ್ತೇನೆ ಎಂದು ಬೆಳಿಗ್ಗೆಯೇ ಹೇಳಿದ್ದೆ.’ ಅಂದರೆ ಮೊದಲೇ ನಿಶ್ಚಯಿಸಿ ಮಾಡಿದ ಕೊಲೆ. ಮೇಲ್ಮನವಿಯ ವಿಚಾರಣೆಗೆ ಇನ್ನು ಮೂರು ವಾರವಿತ್ತು.

“ಹೇಳಿಕೆ ಯಾವ ಭಾಷೆಯಲ್ಲಿ ಕೊಟ್ಟಿದ್ದಾನೆ?” ಎಂದು ಉಸ್ತಾದಾ ಕೇಳಿದಳು.

“ಹಿಂದಿಯಲ್ಲಿ. ಪೊಲೀಸರ ಅನುವಾದಕ ಅದನ್ನ ಅರಬಿಗೆ ಮಾಡಿದ್ದಾನೆ. ಹಿಂದಿ ಬರುತ್ತಾ ಅಂತ ಕೇಳಿದ್ದಕ್ಕೆ ಅವನೇ ಹೂಂ ಅಂದಿದ್ದಾನೆ.”

“ಊರು?”

ಪಾಸ್‌ಪೋರ್ಟಿನ ಪ್ರತಿ ತೆಗೆದು ನೋಡಿದೆ. ಕೊಪ್ಪಳ ಜಿಲ್ಲೆ. ಆ ಫೈಲನ್ನು ಎರಡು ಸಲ ಓದಿದ್ದೆ. ಆ ಪುಟವನ್ನು ಮಾತ್ರ ಹಾರಿಸಿದ್ದೆ.

ತರಬೇತಿಯ ಎರಡನೆಯ ದಿನ ಆ ಹಿರಿಯ ವಕೀಲೆ, ನೀವು ಸೋತ ಒಂದು ಕೇಸು ಹೇಳಿ ಎಂದರು. ನಾನು ಯಾರಿಗೂ ಹೇಳದಿದ್ದದ್ದನ್ನು ಹೇಳಿದೆ. ಮೈಸೂರಿನಲ್ಲಿ ನಾನಿನ್ನೂ ಜೂನಿಯರ್ ಆಗಿದ್ದಾಗ, ನಮ್ಮ ಸೀನಿಯರ್ ನಡೆಸಿದ ಕೊಲೆ ಕೇಸಿನಲ್ಲಿ ಆರೋಪಿ ತಪ್ಪಿತಸ್ಥನೆಂದು ತೀರ್ಪಾಯಿತು. ಶಿಕ್ಷೆಯ ಪ್ರಮಾಣದ ಬಗ್ಗೆ ಹೇಳುವುದೇನಾದರೂ ಇದೆಯೇ ಎಂದು ನ್ಯಾಯಾಧೀಶರು ಕೇಳಿದರು. “ಚಿಕ್ಕ ವಯಸ್ಸು ಸ್ವಾಮಿ, ದಯೆ ತೋರಿಸಬೇಕು” ಎಂದಷ್ಟೇ ಹೇಳಿ ಸೀನಿಯರ್ ಕೂತುಬಿಟ್ಟರು. ಒಂದು ನಿಮಿಷವೂ ಆಗಲಿಲ್ಲ. ಅವನಿಗೆ ಗಲ್ಲು ಎಂದು ಓದಿದಾಗ ನನ್ನ ಕೈಯಲ್ಲಿ ಖಾಲಿ ನೋಟ್‌ಬುಕ್ಕಿತ್ತು. ಅವನ ಮನೆಯಲ್ಲಿ ಯಾರಿದ್ದಾರೆ ಎಂಬುದು ಕೂಡ ನಮಗೆ ಗೊತ್ತಿರಲಿಲ್ಲ.

ಆಕೆ ಸಮಾಧಾನ ಹೇಳಲಿಲ್ಲ. “ಈಗಿರುವ ಕೇಸಿನಲ್ಲಿ ಘಟನೆಯ ಬಗ್ಗೆ ಮೊದಲು ಕೇಳಬೇಡಿ. ಅವನನ್ನು ಸಾಕಿದವರನ್ನು ಹುಡುಕಿ, ಅವರ ಮಾತು ಕೇಳಿ” ಎಂದರು.

ಅದಾಗಿ ನಾಲ್ಕನೆಯ ದಿನ ನಾನೂ ಉಸ್ತಾದಾಳೂ ಜೈಲಿಗೆ ಹೋದೆವು. ಆರೋಪಿ ಮೂವತ್ತರ ಆಸುಪಾಸಿನವನು. ಸ್ಕ್ಯಾಫೋಲ್ಡಿಂಗ್ ಕೆಲಸ ಮಾಡಿ ಭುಜ ಅಗಲವಾಗಿತ್ತು, ಮುಖ ಮಾತ್ರ ಬಾಡಿತ್ತು. ನನ್ನನ್ನು ನೋಡದೆ ಮೇಜನ್ನೇ ನೋಡುತ್ತಿದ್ದ.

“ಊಟ ಆಯ್ತಾ?” ಎಂದು ಕನ್ನಡದಲ್ಲಿ ಕೇಳಿದೆ.

ತಟ್ಟನೆ ತಲೆಯೆತ್ತಿದ. “ನೀವು ನಮ್ಮ ಕಡೆದವ್ರೇನ್ರಿ?”

“ಮೈಸೂರು.”

“ಮೈಸೂರಾ?” ಅವನ ಮುಖದಲ್ಲಿ ಬಂದ ಬೆಳಕು ಅರ್ಧ ಆರಿತು. “ಹಂಗಾದ್ರ ನನ್ನ ಮಾತು ತಿಳೀತಾವೇನ್ರಿ ಅಕ್ಕಾರ?”

“ತಿಳಿಯುತ್ತೆ. ತಿಳೀದಿದ್ರೆ ಕೇಳ್ತೀನಿ. ನಿಮ್ಮನ್ನ ಸಾಕಿದವ್ರು ಯಾರು?”

“ನಮ್ಮಕ್ಕ.” ಅಷ್ಟು ಹೇಳಿ ಮುಖ ಮುಚ್ಚಿಕೊಂಡ. ಆ ದಿನ ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಉಸ್ತಾದಾ ಗಡಿಯಾರ ನೋಡುತ್ತಿದ್ದುದು ನನಗೆ ಕಾಣುತ್ತಿತ್ತು. ಹೊರಡುವಾಗ ಅಕ್ಕನ ನಂಬರು ಮಾತ್ರ ಕೊಟ್ಟ, ಬಾಯಿಪಾಠವಾಗಿತ್ತು.

ಅಕ್ಕ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಅಡುಗೆ ಮುಗಿಯುವ ಹೊತ್ತು ಲೆಕ್ಕ ಹಾಕಿ ಫೋನ್ ಮಾಡಿದೆ. ಕೇಸಿನ ಮಾತೆತ್ತಲಿಲ್ಲ, ತಮ್ಮ ಚಿಕ್ಕವನಿದ್ದಾಗ ಹೇಗಿದ್ದ ಎಂದು ಕೇಳಿದೆ. “ಅವ್ವ ಸತ್ತಾಗ ಅವ ನಾಕು ವರ್ಷದಂವ್ರಿ. ನನ್ನ ಸೆರಗು ಹಿಡದ ನಿದ್ದಿ ಮಾಡ್ತಿದ್ದ” ಎಂದಳು. ಆಮೇಲೆ, “ನನಗ ಮಾತಾಡಾಕ ಆಗವಲ್ದರಿ. ಅವನ ದನೀನ ಕೇಳ್ರಿ, ಎಲ್ಲಾ ಹಂಗ ಇಟ್ಟೀನಿ” ಎಂದು ಅವನು ವಾಟ್ಸಾಪಿನಲ್ಲಿ ಕಳಿಸಿದ್ದ ಧ್ವನಿಸಂದೇಶಗಳನ್ನು ಒಂದೊಂದಾಗಿ ನನಗೆ ಕಳಿಸತೊಡಗಿದಳು. ಬಿಸಿಲು ಜೋರು, ಜ್ವರ ಬಂದಿತ್ತು, ಮಗ ಶಾಲೆಗೆ ಹೋದನೇ, ಇಂಥವೇ. ಅಲ್ ಥುಮಾಮಾದ ನಮ್ಮ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತ ಕೇಳುತ್ತಿದ್ದೆ.

ಕೊನೆಯ ಸಂದೇಶ ಘಟನೆ ನಡೆದ ದಿನದ್ದು. ಬೆಳಗಿನ ಜಾವ ಕಳಿಸಿದ್ದು.

“ಅಕ್ಕಾ, ಇವತ್ತ ಖಲಾಸ್ ಮಾಡ್ತೀನಿ ನೋಡು. ಈ ರೂಮಿನ ಉಸಾಬರೀನ ಬ್ಯಾಡ. ಸೂಪರ್‌ವೈಸರ್‌ಗ ಹೇಳೀನಿ, ಸಂಜಿಕ ಬ್ಯಾರೆ ರೂಮಿಗಿ ಹೊಂಟೀನಿ. ನೀ ಕಾಳಜಿ ಮಾಡಬ್ಯಾಡ.”

ಚಾಕು ಕೆಳಗಿಟ್ಟೆ. ಇನ್ನೊಮ್ಮೆ ಕೇಳಿದೆ. ಇಲ್ಲಿ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಮಾತು ಅದು. ಕೆಲಸ ಮುಗಿದರೆ ಖಲಾಸ್, ಟೀ ಸಾಕೆಂದರೆ ಖಲಾಸ್. ಆದರೆ ನಮ್ಮ ಕಡೆ, ಹಿಂದಿಯಲ್ಲೂ ಕನ್ನಡದಲ್ಲೂ, ಒಬ್ಬನನ್ನು ‘ಖಲಾಸ್ ಮಾಡುವುದು’ ಎಂದರೆ ಕೊಲ್ಲುವುದು. ಪೊಲೀಸರ ಅನುವಾದಕ ಅದನ್ನೇ ‘ಅವನನ್ನು ಮುಗಿಸುತ್ತೇನೆ’ ಎಂದು ಬರೆದಿರಬೇಕು.

ಮರುದಿನ ಜೈಲಿನಲ್ಲಿ ಕೇಳಿದೆ: “ಬೆಳಿಗ್ಗೆ ಆ ಹುಡುಗನಿಗೆ ಏನು ಹೇಳಿದ್ರಿ? ಅದೇ ಮಾತು ಹೇಳಿ.”

“ಆಜ್ ಖಲಾಸ್ ಕರ್ತಾ ಹೂಂ ಅಂದೆರಿ. ರೂಮ್ ಬಿಡ್ತೀನಿ ಅಂತ. ಅವನ್ನ ಅಂತ ನಾ ಅನ್ಲಿಲ್ರಿ.” ಆಮೇಲೆ ತಾನಾಗಿಯೇ ಹೇಳಿದ, “ಆದ್ರ ಹೊಡದದ್ದು ಖರೇರಿ. ಸಂಜಿಕ ಗಂಟು ಕಟ್ಟಾಕ ಹತ್ತಿದ್ದೆ, ಅಡಗಿ ಪಾಳಿ ನಿಂದು ಅಂತ ಜಗಳ ತಗದು ನನ್ನ ಸತ್ತ ಅವ್ವನ್ನ ಎಳದ ಬೈದ. ಕಾವಲಿ ಕೈಯಾಗ ಇತ್ತು, ಕೈ ಮೀರಿ ಹೋತ್ರಿ.”

ಸಂದೇಶವನ್ನು ಕೋರ್ಟಿಗೆ ಕೊಡಬೇಕೆಂದರೆ ಪರವಾನಗಿ ಇರುವ ಅನುವಾದಕರು ಬೇಕು. ನಾನು ಆರೋಪಿಯ ಕಡೆಯವಳು, ನನ್ನ ಅನುವಾದ ನಡೆಯದು. ಐದು ದಿನ ಅಲೆದ ಮೇಲೆ ಬಿನ್ ಮಹಮೂದ್ ಬಡಾವಣೆಯ ಒಂದು ಹಳೇ ಕಟ್ಟಡದಲ್ಲಿ ಮಂಗಳೂರು ಕಡೆಯ ಹಿರಿಯರೊಬ್ಬರು ಸಿಕ್ಕಿದರು. ಮನೆಮಾತು ಬ್ಯಾರಿ, ಓದಿದ್ದು ಕನ್ನಡ, ಅರಬಿಯಲ್ಲಿ ನಿಷ್ಣಾತರು. ವಿಚಾರಣೆಗೆ ನಾಲ್ಕೇ ದಿನ ಉಳಿದಿತ್ತು.

“ನಾನು ಮದುವೆ ಸರ್ಟಿಫಿಕೇಟು, ಜನನ ಪತ್ರ ಮಾಡುವವ, ಮಗಳೇ. ಒಬ್ಬನ ಜೀವ ಕೈಯಲ್ಲಿ ಹಿಡಿದವ ಅಲ್ಲ” ಎಂದರು. ಆದರೂ ಹೆಡ್‌ಫೋನ್ ಹಾಕಿಕೊಂಡು ಕೂತರು. ‘ಉಸಾಬರಿ’ ಎಂಬಲ್ಲಿ ಪೆನ್ನು ನಿಂತಿತು. ನಾನು ಬಾಯಿ ತೆರೆದೆ.

“ಬೇಡ,” ಎಂದು ಕೈ ಅಡ್ಡ ಹಿಡಿದರು. “ನೀವು ಹೇಳಿದರೆ ಅದು ನಿಮ್ಮದಾಗ್ತದೆ.” ಕಪಾಟಿನಿಂದ ನಿಘಂಟು ತೆಗೆದರು. ಎರಡು ಗಂಟೆ ಕಾದೆ.

ಕೋರ್ಟಿನಲ್ಲಿ ಆ ಧ್ವನಿಯನ್ನು ಎಲ್ಲರಿಗೂ ಕೇಳಿಸಿದರು. ತನ್ನದೇ ದನಿ ಕೇಳಿ ಆರೋಪಿ ಕಟಕಟೆಯ ಸರಳು ಹಿಡಿದುಕೊಂಡ. ಸರ್ಕಾರದ ಪರ ವಕೀಲರು ಎದ್ದು ಆ ಹಿರಿಯರನ್ನು ನೇರವಾಗಿ ಕೇಳಿದರು: ನಿಮ್ಮ ಭಾಷೆಯಲ್ಲಿ ಈ ಮಾತಿಗೆ ಕೊಲ್ಲುವುದು ಎಂಬ ಅರ್ಥವೂ ಇದೆಯೇ? ನನ್ನ ಅರಬಿ ಅಷ್ಟಕ್ಕಷ್ಟೇ. ಆದರೆ ಅವರ ಉತ್ತರ ಅರ್ಥವಾಯಿತು.

“ನಅಮ್.” ಹೌದು.

ಉಸ್ತಾದಾಳ ಪೆನ್ನು ನಿಂತಿತು. ಹಿರಿಯರು ಆತುರಪಡಲಿಲ್ಲ. ಕನ್ನಡಕ ಸರಿಮಾಡಿಕೊಂಡು, ಒಬ್ಬ ಮನುಷ್ಯನ ಹೆಸರು ಹಿಡಿದು ಹೇಳಿದರೆ ಆ ಅರ್ಥ ಬರುತ್ತದೆ, ಇಲ್ಲಿ ಹೇಳಿರುವುದು ರೂಮಿನ ಮಾತು ಎಂದರು. ನ್ಯಾಯಾಧೀಶರು ಇನ್ನೊಮ್ಮೆ ಕೇಳಿಸಲು ಹೇಳಿದರು, ಆಮೇಲೆ ಮತ್ತೂ ಒಮ್ಮೆ. ಮುಂದಿನ ಸಲ ಸೂಪರ್‌ವೈಸರನ್ನು ಕರೆಸಿದರು. ರೂಮು ಬದಲಿಸಿಕೊಡಲು ಕೇಳಿದ್ದು ನಿಜವೆಂದು ಅವನು ಒಪ್ಪಿದ.

ತೀರ್ಪು ಬರಲು ಐದು ವಾರ ಹಿಡಿಯಿತು. ಆ ದಿನ ನ್ಯಾಯಾಧೀಶರು ಓದಿದರು: ಮೊದಲೇ ನಿಶ್ಚಯಿಸಿದ ಕೊಲೆ ಎಂಬುದು ಸಾಬೀತಾಗಿಲ್ಲ. ಮರಣದಂಡನೆ ರದ್ದು, ಹದಿನೈದು ವರ್ಷ ಜೈಲು. ಉಸ್ತಾದಾ ಮೇಜಿನ ಕೆಳಗೆ ನನ್ನ ಕೈಯನ್ನು ನೋವಾಗುವಷ್ಟು ಹಿಂಡಿದಳು. ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. “ಜೀವ ಉಳೀತ್ರಿ?” ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಹೌದೆಂದೆ.

ಪಾರ್ಕಿಂಗ್‌ಗೆ ನಡೆಯುವಾಗ ಹಿಂದಿನಿಂದ ಯಾರೋ “ಮೇಡಂ” ಎಂದರು. ಸತ್ತವನ ಅಣ್ಣ. ದೋಹಾದಲ್ಲೇ ಡ್ರೈವರ್ ಆಗಿದ್ದ. ಪ್ರತಿ ವಿಚಾರಣೆಗೂ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಅವನ ಮುಖ ನೋಡುವುದನ್ನು ನಾನು ಅಷ್ಟೂ ದಿನ ತಪ್ಪಿಸಿದ್ದೆ. ಬೈಯಬಹುದೆಂದು ನಿಂತೆ.

“ಆ ಆಡಿಯೋದಲ್ಲಿ ಏನಿತ್ತು?” ಎಂದು ಹಿಂದಿಯಲ್ಲಿ ಕೇಳಿದ. “ಒಳಗೆ ಎಲ್ಲಾ ಅರಬಿಯಲ್ಲೇ ಹೇಳಿದರು. ನನಗೆ ಗೊತ್ತಾಗಲಿಲ್ಲ.”

ಅಲ್ಲೇ ಬಿಸಿಲಲ್ಲಿ ನಿಂತು ಒಂದೊಂದು ವಾಕ್ಯವನ್ನೂ ಹಿಂದಿಯಲ್ಲಿ ಹೇಳಿದೆ. ಏನನ್ನೂ ಬಿಡಲಿಲ್ಲ. ಅವನು ತಲೆತಗ್ಗಿಸಿ ಕೇಳಿದ.

“ಅವನು ರೂಮು ಬಿಡುತ್ತಾನೆ ಅಂತ ನನ್ನ ತಮ್ಮನಿಗೆ ಗೊತ್ತಿತ್ತಾ?”

“ನನಗೆ ತಿಳಿಯದು, ಭಾಯಿ” ಎಂದೆ. ನಿಜವಾಗಿಯೂ ತಿಳಿದಿರಲಿಲ್ಲ. ಅದನ್ನು ಯಾರೂ ಯಾರನ್ನೂ ಕೇಳಿರಲಿಲ್ಲ.

ಕಾರಿನಲ್ಲಿ ಬಿಡುತ್ತೇನೆಂದೆ. ಬೇಡವೆಂದು ತಲೆಯಾಡಿಸಿ ಬಸ್ ಸ್ಟಾಪಿನ ಕಡೆ ನಡೆದ. ಅವನು ಬಸ್ಸು ಹತ್ತುವವರೆಗೂ ನಾನು ಕಾರಿನ ಬಾಗಿಲು ಹಿಡಿದು ನಿಂತೇ ಇದ್ದೆ. ಆಮೇಲೆ ಮಗಳ ಶಾಲೆ ಬಿಡುವ ಹೊತ್ತಾಯಿತೆಂದು ಹೊರಟೆ.